8 ಮಿಲಿಮೀಟರ್ ಮಚ್ಚೆ ಅರ್ಧ ದೇಹವನ್ನು ಮಲಗಿಸಿದ್ದು ಹೇಗೆ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಹನ್ನೆರಡು ವರ್ಷಗಳಿಂದ ರಕ್ತದೊತ್ತಡವಿದೆ. ಮಾತ್ರೆಯನ್ನು ಮನಸ್ಸು ಬಂದಾಗ ಮಾತ್ರ ನುಂಗುತ್ತಿದ್ದರು. ಹದಿನಾರು ದಿನಗಳ ಹಿಂದೆ ಬೆಳಿಗ್ಗೆ ಎದ್ದಾಗ ಅವರ ಬಲಗೈಯಲ್ಲಿ ಲೋಟ ನಿಲ್ಲಲಿಲ್ಲ, ಮಾತು ತೊದಲುತ್ತಿತ್ತು. ಆಸ್ಪತ್ರೆಯೊಂದರಲ್ಲಿ ಸಿಟಿ ಸ್ಕ್ಯಾನ್ ಮಾಡಿ ‘ಏನೂ ಇಲ್ಲ’ ಎಂದು ಮನೆಗೆ ಕಳುಹಿಸಿದರು. ಮಾರನೆಯ ದಿನ ಬಲಗಾಲೂ ಏಳಲಿಲ್ಲ. ಬೇರೆ ಕಡೆ ಎಂಆರ್‌ಐ ಮಾಡಿಸಿದಾಗ ‘ಪಾನ್ಸ್‌ನ ಎಡಭಾಗದಲ್ಲಿ, ನಡುಗೆರೆಗೆ ಹೊಂದಿಕೊಂಡಂತೆ 8 ಮಿ.ಮೀ. ಹೊಸ ಇನ್‌ಫಾರ್ಕ್ಟ್’ (ಮಿದುಳುಕಾಂಡದಲ್ಲಿ ರಕ್ತ ಸಿಗದೆ ಸತ್ತ ಸಣ್ಣ ಜಾಗ) ಎಂದು ವರದಿ ಬಂತು. ಬಾಯಿಯೂ ಬಲಕ್ಕೆ ಜೋತಿದೆ. ಪೆಟ್ಟು ಎಡಕ್ಕೆ, ಸೋತದ್ದು ಬಲ. ಹಾಗಾದರೆ ವರದಿ ಅದಲುಬದಲಾಗಿದೆಯೇ? ಇಷ್ಟು ಚಿಕ್ಕ ಮಚ್ಚೆಯಿಂದ ಇಷ್ಟು ಹಾನಿ ಆಗುವುದುಂಟೇ? ‘ಮಿದುಳುಕಾಂಡಕ್ಕೆ ತಗುಲಿದ ಮೇಲೆ ಮುಗಿಯಿತು, ಇನ್ನು ಕೋಮಾ, ಇಲ್ಲವೇ ಕಣ್ಣು ಮಾತ್ರ ಆಡಿಸುವ ಸ್ಥಿತಿ’ ಎಂದು ಬಂಧುವೊಬ್ಬರು ಹೆದರಿಸುತ್ತಿದ್ದಾರೆ. ಅಪ್ಪ ಸಣ್ಣ ಮಾತಿಗೂ ಬಿಕ್ಕಿ ಬಿಕ್ಕಿ ಅಳುತ್ತಾರೆ, ಒಮ್ಮೆ ಸಾವಿನ ಸುದ್ದಿ ಕೇಳಿ ನಕ್ಕುಬಿಟ್ಟರು, ಬುದ್ಧಿಗೇನಾದರೂ ಆಗಿದೆಯೇ? ನೀರು ಕುಡಿದರೆ ಕೆಮ್ಮು ಬರುತ್ತದೆ. ವೈದ್ಯರು ಮೂಗಿನಿಂದ ನಳಿಕೆ ಹಾಕೋಣ ಎಂದರೆ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಸ್ಟೆಮ್ ಸೆಲ್ ಚುಚ್ಚುಮದ್ದು ಕೊಡಿಸಿದರೆ ಪಾನ್ಸ್ ಮತ್ತೆ ಬೆಳೆಯುತ್ತದೆ ಎಂದೂ ಒಬ್ಬರು ಹೇಳಿದ್ದಾರೆ. ಯಾವುದನ್ನು ನಂಬಲಿ?

ಉತ್ತರ: ನೀವು ಕೊನೆಗೆ ಬರೆದ ಕೆಮ್ಮಿನ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಪ್ರಶ್ನೆಗಳು ಒಂದೆರಡು ದಿನ ಕಾಯಬಲ್ಲವು, ಇದು ಕಾಯುವುದಿಲ್ಲ. ನೀರು ಕುಡಿದಾಗ ಕೆಮ್ಮು ಬರುತ್ತಿದೆ ಎಂದರೆ ನೀರು ಅನ್ನನಾಳದ ದಾರಿ ಬಿಟ್ಟು ಶ್ವಾಸನಾಳದ ಕಡೆಗೆ ಜಾರುತ್ತಿರಬಹುದು. ನುಂಗುವಿಕೆಯ ಪರೀಕ್ಷೆ ಆಗುವ ತನಕ ಅವರ ಬಾಯಿಗೆ ತೆಳುವಾದ ಯಾವ ದ್ರವವನ್ನೂ ಹಾಕಬೇಡಿ. ಮಾತ್ರೆಗಳನ್ನು ನಿಲ್ಲಿಸುವಂತೆಯೂ ಇಲ್ಲ. ಆದ್ದರಿಂದ ಅವುಗಳನ್ನು ಹೇಗೆ ಕೊಡಬೇಕೆಂದು ಇಂದೇ ನಿಮ್ಮ ವೈದ್ಯರನ್ನು ಕೇಳಿ. ನಳಿಕೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಇನ್ನು ವರದಿಯ ಮಾತು. ಅದು ಅದಲುಬದಲಾಗಿಲ್ಲ. ನೀವು ಬರೆದ ಒಂದೊಂದು ಲಕ್ಷಣವೂ ಆ 8 ಮಿಲಿಮೀಟರ್ ಮಚ್ಚೆಗೆ ಸರಿಯಾಗಿ ಹೊಂದುತ್ತದೆ. ಹೇಗೆ ಎಂದು ತಿಳಿಯಲು ಪಾನ್ಸ್ ಎಂತಹ ಜಾಗ ಎಂಬುದು ಸ್ವಲ್ಪ ಗೊತ್ತಿರಬೇಕು.

ದೊಡ್ಡ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ದಂಟಿನಂತಹ ಭಾಗವೇ ಮಿದುಳುಕಾಂಡ. ಮೇಲೆ ಮಧ್ಯಮಿದುಳು, ಕೆಳಗೆ ಮೆಡುಲ್ಲಾ, ಇವೆರಡರ ನಡುವೆ ಮುಂದಕ್ಕೆ ಉಬ್ಬಿಕೊಂಡಿರುವುದು ಪಾನ್ಸ್. ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್; ನಿಮ್ಮ ಹೆಬ್ಬೆರಳಿನ ತುದಿಯ ಗೆಣ್ಣಿನಷ್ಟು ಎನ್ನಿ. ಲ್ಯಾಟಿನ್‌ನಲ್ಲಿ ಪಾನ್ಸ್ ಎಂದರೆ ಸೇತುವೆ. ಹದಿನಾರನೆಯ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞ ಕೋಸ್ಟಾಂಜೊ ವರೋಲಿಯೊ ಇದನ್ನು ವಿವರವಾಗಿ ಬಣ್ಣಿಸಿದ. 1573ರಲ್ಲಿ ಅವನ ಪುಸ್ತಕ ಬಂತು. ಅಲ್ಲಿಯವರೆಗೆ ಮಿದುಳನ್ನು ನೆತ್ತಿಯಿಂದ ಕೆಳಕ್ಕೆ ಹೋಳು ಮಾಡುತ್ತ ಬರುವುದು ರೂಢಿಯಾಗಿತ್ತು. ತಳದ ಭಾಗ ಕೈಗೆ ಬರುವಷ್ಟರಲ್ಲಿ ಅದರ ರೂಪವೇ ಕೆಟ್ಟಿರುತ್ತಿತ್ತು. ವರೋಲಿಯೊ ಮಿದುಳನ್ನು ತಲೆಬುರುಡೆಯಿಂದ ಹೊರತೆಗೆದು ಮಗುಚಿ, ತಳದಿಂದ ಶುರುಮಾಡಿದ. ಕಿರುಮಿದುಳಿನ ಎರಡು ಭಾಗಗಳ ನಡುವೆ ಅಡ್ಡಲಾಗಿ ಹಾಯ್ದಿರುವ ಈ ದಪ್ಪ ಪಟ್ಟಿ ಆಗ ಅವನ ಕಣ್ಣಿಗೆ ಬಿತ್ತು. ಇಂದಿಗೂ ಹಳೆಯ ಪಠ್ಯಗಳಲ್ಲಿ ಇದಕ್ಕೆ ವರೋಲಿಯೊನ ಸೇತುವೆ ಎಂದೇ ಹೆಸರು.

ಹೆಸರು ಚೆನ್ನಾಗಿದೆ, ಆದರೆ ಅರ್ಧ ಸುಳ್ಳು. ಆ ಅಡ್ಡ ಎಳೆಗಳು ಕಿರುಮಿದುಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ನೇರವಾಗಿ ಹೋಗುವುದಿಲ್ಲ. ದೊಡ್ಡ ಮಿದುಳಿನಿಂದ ಇಳಿದುಬಂದ ಸಂದೇಶ ಪಾನ್ಸ್‌ನೊಳಗಿನ ಜೀವಕೋಶಗಳ ಗುಂಪುಗಳಲ್ಲಿ ಕೈ ಬದಲಾಯಿಸಿ, ನಡುಗೆರೆಯನ್ನು ದಾಟಿ, ಎದುರು ಬದಿಯ ಕಿರುಮಿದುಳನ್ನು ಸೇರುತ್ತದೆ. ಕೈ ಎತ್ತುವ ಮುನ್ನವೇ ‘ಹೀಗೆ ಎತ್ತಬೇಕೆಂದಿದ್ದೇನೆ’ ಎಂದು ಕಿರುಮಿದುಳಿಗೆ ಸುದ್ದಿ ಮುಟ್ಟುವುದು ಈ ದಾರಿಯಲ್ಲೇ. ಆ ಸುದ್ದಿ ತಲುಪದಿದ್ದರೆ ಬಲವಿದ್ದೂ ಕೈ ಗುರಿ ತಪ್ಪುತ್ತದೆ.

ಪಾನ್ಸ್ ಅನ್ನು ಅಡ್ಡಲಾಗಿ ಸೀಳಿ ನೋಡಿದರೆ ಎರಡು ಬೇರೆ ಬೇರೆ ಲೋಕಗಳು ಕಾಣುತ್ತವೆ. ವಿದ್ಯಾರ್ಥಿಯಾಗಿದ್ದಾಗ ನಾನು ಪರೀಕ್ಷೆಯಲ್ಲಿ ಈ ಚಿತ್ರ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆಮೇಲೆ, ರೋಗಿಗಳನ್ನು ನೋಡತೊಡಗಿದ ಮೇಲೆ, ಮಿದುಳಿನ ಎಲ್ಲ ಚಿತ್ರಗಳಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ. ಮುಂಭಾಗದ ದಪ್ಪ ಅರ್ಧ ಪೂರ್ತಿ ಸಾಗಣೆಯ ದಾರಿ. ಮೇಲಿನಿಂದ ಕೈಕಾಲುಗಳಿಗೆ ಆಜ್ಞೆ ಒಯ್ಯುವ ಎಳೆಗಳು ಇಲ್ಲಿ ಉದ್ದಕ್ಕೆ ಇಳಿಯುತ್ತವೆ, ಕಿರುಮಿದುಳಿಗೆ ಹೋಗುವ ಎಳೆಗಳು ಅಡ್ಡಕ್ಕೆ ಹಾಯುತ್ತವೆ. ನೇಯ್ಗೆಯ ಹಾಸುಹೊಕ್ಕು ನೆನೆಸಿಕೊಳ್ಳಿ. ಹಿಂಭಾಗದ ತೆಳು ಅರ್ಧದ ಹೆಸರು ಟೆಗ್ಮೆಂಟಮ್. ಕಣ್ಣನ್ನು ಹೊರಕ್ಕೆ ಹೊರಳಿಸುವ ಆರನೆಯ ನರ, ಮುಖದ ಸ್ನಾಯುಗಳ ಏಳನೆಯ ನರ, ಮುಖದ ಸ್ಪರ್ಶ ತಿಳಿಸುವ ಮತ್ತು ಅಗಿಯಲು ನೆರವಾಗುವ ಐದನೆಯ ನರ, ಇವುಗಳ ಮೂಲಕೇಂದ್ರಗಳು ಇಲ್ಲಿವೆ. ಕಿವಿ ಮತ್ತು ಸಮತೋಲನದ ಎಂಟನೆಯ ನರ ಪಾನ್ಸ್ ಹಾಗೂ ಮೆಡುಲ್ಲಾ ಕೂಡುವಲ್ಲಿ ಒಳಬರುತ್ತದೆ. ಎಚ್ಚರವನ್ನು ಕಾಯುವ ಜಾಲವೂ, ಉಸಿರಿನ ಲಯವನ್ನು ತಿದ್ದುವ ಕೇಂದ್ರವೂ ಇಲ್ಲಿಯವೇ. ಕನಸು ಕಾಣುವಾಗ ನಾವು ಕನಸಿನ ಪ್ರಕಾರ ಎದ್ದು ಓಡದಂತೆ ಮೈಯನ್ನು ಸಡಿಲಿಸುವ ಸ್ವಿಚ್ಚನ್ನು, ಮೂತ್ರ ಬಿಡಲು ಅಪ್ಪಣೆ ಕೊಡುವ ಕೇಂದ್ರವನ್ನು ಕೂಡ ಪ್ರಕೃತಿ ಇಲ್ಲಿಯೇ ತುರುಕಿದೆ. ಲೋಕಸ್ ಸೆರುಲಿಯಸ್ ಎಂಬ ನೀಲಿ ಚುಕ್ಕೆಯೊಂದು ಇದೆ: ಕೆಲವು ಹತ್ತು ಸಾವಿರ ಜೀವಕೋಶಗಳಷ್ಟೇ, ಆದರೆ ಇಡೀ ಮಿದುಳಿಗೆ, ಎಚ್ಚರ ಹೆಚ್ಚಿಸುವ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಹಂಚುವ ಮುಖ್ಯ ಕೇಂದ್ರ.

ದೊಡ್ಡ ಮಿದುಳಿನಲ್ಲಿ 8 ಮಿಲಿಮೀಟರ್ ಹಾನಿಯಾದರೆ ಎಷ್ಟೋ ಸಲ ರೋಗಿಗೆ ಗೊತ್ತೇ ಆಗುವುದಿಲ್ಲ; ಬೇರೆ ಕಾರಣಕ್ಕೆ ತೆಗೆದ ಸ್ಕ್ಯಾನ್‌ನಲ್ಲಿ ಅಂತಹ ಹಳೆಯ ಗುರುತುಗಳು ಸಿಗುತ್ತಲೇ ಇರುತ್ತವೆ. ಹೊಲದ ನಡುವೆ ಒಂದು ಗುಂಡಿ ಬಿದ್ದರೆ ಸುತ್ತಿ ಹೋಗಬಹುದು, ಅದೇ ಗುಂಡಿ ಕಿರಿದಾದ ಕಣಿವೆಯ ದಾರಿಯಲ್ಲಿ ಬಿದ್ದರೆ ಎಲ್ಲರೂ ನಿಲ್ಲಬೇಕು. ಅಲ್ಲಿ ಅಗಲವಾಗಿ ಹರಡಿಕೊಂಡಿದ್ದ ಎಳೆಗಳು ಇಲ್ಲಿ ಒತ್ತೊತ್ತಾಗಿ ಇಳಿಯುತ್ತವೆ.

ಎಡ–ಬಲದ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಕೈಕಾಲುಗಳಿಗೆ ಹೋಗುವ ಎಳೆಗಳಲ್ಲಿ ಬಹುಪಾಲು ಪಾನ್ಸ್ ಅನ್ನು ಹಾದು ಮೆಡುಲ್ಲಾದ ಕೆಳತುದಿಗೆ ಹೋದ ಮೇಲೆ ಎದುರು ಬದಿಗೆ ದಾಟುತ್ತವೆ. ನಿಮ್ಮ ತಂದೆಗೆ ಪೆಟ್ಟು ಬಿದ್ದಿರುವುದು ಆ ದಾಟುವಿಕೆಗೆ ಮೊದಲು. ಆದ್ದರಿಂದ ಎಡ ಪಾನ್ಸ್, ಬಲ ಕೈಕಾಲು. ಮುಖದ ಲೆಕ್ಕ ಸ್ವಲ್ಪ ಬೇರೆ. ಏಳನೆಯ ನರದ ಕೇಂದ್ರ ಪಾನ್ಸ್‌ನ ಕೆಳಭಾಗದಲ್ಲೇ ಇದೆ, ಅದಕ್ಕೆ ಆಜ್ಞೆ ತರುವ ಎಳೆಗಳು ಪಾನ್ಸ್‌ನೊಳಗೇ ದಾಟುತ್ತವೆ. ಅವು ದಾಟುವ ಮೊದಲೇ ಪೆಟ್ಟು ಬಿದ್ದರೆ ಬಾಯಿ ಮತ್ತು ಕೈಕಾಲು ಒಂದೇ ಬದಿಯಲ್ಲಿ ಸೋಲುತ್ತವೆ. ಕೇಂದ್ರಕ್ಕೋ ಅಲ್ಲಿಂದ ಹೊರಟ ನರಕ್ಕೋ ಪೆಟ್ಟು ಬಿದ್ದರೆ ಒಂದು ವಿಚಿತ್ರ ನಡೆಯುತ್ತದೆ: ಮುಖ ಎಡಕ್ಕೆ ಸೋಲುತ್ತದೆ, ಕೈಕಾಲು ಬಲಕ್ಕೆ. ಫ್ರಾನ್ಸಿನ ಮಿಯಾರ್ ಮತ್ತು ಗುಬ್ಲೆ ಎಂಬ ವೈದ್ಯರು 1856ರಲ್ಲಿ ಬೇರೆ ಬೇರೆಯಾಗಿ ಇದನ್ನು ವರದಿ ಮಾಡಿದರು. ಸ್ಕ್ಯಾನ್ ಎಂಬುದು ಕಲ್ಪನೆಯಲ್ಲೂ ಇಲ್ಲದ ಕಾಲದಲ್ಲಿ, ಹಾಸಿಗೆಯ ಪಕ್ಕ ನಿಂತು ಹಾನಿಯ ಜಾಗವನ್ನು ಬೆರಳಿಟ್ಟು ತೋರಿಸಿದಂತೆ ಹೇಳಲು ಇಂತಹ ಲಕ್ಷಣಗಳೇ ಸಾಕಾಗುತ್ತಿದ್ದವು.

ನೀವೇ ಪರೀಕ್ಷಿಸಿ ನೋಡಬಹುದು. ಹುಬ್ಬು ಮೇಲೆತ್ತಲು ಹೇಳಿ, ಕಣ್ಣನ್ನು ಬಿಗಿಯಾಗಿ ಮುಚ್ಚಲು ಹೇಳಿ. ಹಣೆಯಲ್ಲಿ ಎರಡೂ ಬದಿ ನೆರಿಗೆ ಬಿದ್ದು, ಎರಡೂ ಕಣ್ಣು ಮುಚ್ಚಿ, ಬಾಯಿಯ ತುದಿ ಮಾತ್ರ ಬಲಕ್ಕೆ ಜೋತಿದ್ದರೆ ಏಳನೆಯ ನರದ ಕೇಂದ್ರ ಉಳಿದಿದೆ ಎಂದರ್ಥ. ನಿಮ್ಮ ಬೆರಳನ್ನು ಎಡದಿಂದ ಬಲಕ್ಕೆ ಆಡಿಸಿ. ಎರಡೂ ಕಣ್ಣುಗಳು ಕೊನೆಯವರೆಗೆ ಒಟ್ಟಿಗೆ ಸಾಗಿದರೆ, ಒಂದು ಎರಡಾಗಿ ಕಾಣದಿದ್ದರೆ, ಹಿಂಭಾಗದ ಟೆಗ್ಮೆಂಟಮ್ ಬಹಳ ಮಟ್ಟಿಗೆ ಕ್ಷೇಮ. ಏಳನೆಯ ನರದ ಎಳೆಗಳು ಹೊರಬರುವ ಮುನ್ನ ಆರನೆಯ ನರದ ಕೇಂದ್ರವನ್ನು ಒಂದು ಸುತ್ತು ಬಳಸಿ ಬರುತ್ತವೆ. ಹಾಗಾಗಿ ಹಿಂಭಾಗದ ಪೆಟ್ಟಿನಲ್ಲಿ ಕಣ್ಣೂ ಮುಖವೂ ಒಟ್ಟಿಗೆ ಸೋಲುವುದುಂಟು. ನೀವು ಕಣ್ಣಿನ ತೊಂದರೆಯನ್ನು ಎಲ್ಲೂ ಬರೆದಿಲ್ಲ. ಅದು ನನಗೆ ಸಮಾಧಾನ ತಂದಿದೆ.

ಮೊದಲ ದಿನ ಕೈ, ಎರಡನೆಯ ದಿನ ಕಾಲು ಎಂದಿದ್ದೀರಿ. ಇದು ಎರಡನೆಯ ಸ್ಟ್ರೋಕ್ ಅಲ್ಲ, ಮೊದಲನೆಯದೇ ನಿಧಾನವಾಗಿ ಪೂರ್ತಿಯಾದದ್ದು ಎಂದು ನನ್ನ ಊಹೆ. ಕತ್ತಿನ ಮೂಳೆಗಳ ತೂತುಗಳ ಮೂಲಕ ಮೇಲೇರುವ ಎರಡು ವರ್ಟಿಬ್ರಲ್ ಅಪಧಮನಿಗಳು ಕೂಡಿ ಬೇಸಿಲಾರ್ ಅಪಧಮನಿ ಆಗುತ್ತದೆ. ಅದು ಪಾನ್ಸ್‌ನ ಮುಂಭಾಗದ ನಡುಗೆರೆಯ ತೋಡಿನಲ್ಲಿ ಮಲಗಿರುತ್ತದೆ. ಅದರಿಂದ ಮಿಲಿಮೀಟರಿಗಿಂತಲೂ ಸಪೂರವಾದ ಕವಲುಗಳು ಎಡಕ್ಕೂ ಬಲಕ್ಕೂ ನೇರವಾಗಿ ಒಳಹೊಕ್ಕು ನಡುಭಾಗಕ್ಕೆ ರಕ್ತ ಕೊಡುತ್ತವೆ. ಎಡದ ಕವಲು ನಡುಗೆರೆ ದಾಟಿ ಬಲಕ್ಕೆ ಹೋಗುವುದಿಲ್ಲ. ಈ ಕಾರಣಕ್ಕೇ ಇಂತಹ ಮಚ್ಚೆ ಎಂಆರ್‌ಐಯಲ್ಲಿ ನಡುಗೆರೆಗೆ ಬಂದು ಗೆರೆ ಎಳೆದಂತೆ ನಿಲ್ಲುತ್ತದೆ. ವರದಿಯಲ್ಲಿನ ‘ನಡುಗೆರೆಗೆ ಹೊಂದಿಕೊಂಡಂತೆ’ ಎಂಬ ಮಾತಿನ ಅರ್ಥ ಅದು. ವರ್ಷಗಟ್ಟಲೆ ಹತೋಟಿಯಿಲ್ಲದ ರಕ್ತದೊತ್ತಡ ಈ ಕವಲುಗಳ ಗೋಡೆಯನ್ನು ದಪ್ಪವಾಗಿಸುತ್ತದೆ, ಇಲ್ಲವೇ ಅವು ಹೊರಡುವ ಬಾಯಿಯಲ್ಲೇ ಕೊಬ್ಬಿನ ಗಂಟು ಕಟ್ಟುತ್ತದೆ. ಬಾಯಿ ಒಮ್ಮೆಲೇ ಮುಚ್ಚದೆ ಗಂಟೆಗಳ ಲೆಕ್ಕದಲ್ಲಿ ಮುಚ್ಚಿಕೊಳ್ಳುತ್ತ ಹೋದರೆ ಲಕ್ಷಣಗಳೂ ಹಂತಹಂತವಾಗಿ ಏರುತ್ತವೆ. ಪಾನ್ಸ್‌ನ ಈ ಬಗೆಯ ಸ್ಟ್ರೋಕ್ ಮೊದಲ ಎರಡು ಮೂರು ದಿನ ಆಸ್ಪತ್ರೆಯಲ್ಲಿದ್ದು, ಸರಿಯಾದ ಔಷಧ ನಡೆಯುತ್ತಿರುವಾಗಲೇ ಹೆಚ್ಚಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮನೆಯವರು ನಮ್ಮನ್ನು ಅನುಮಾನದಿಂದ ನೋಡುತ್ತಾರೆ. ನೋಡುವುದು ಸಹಜ.

ಮೊದಲ ಆಸ್ಪತ್ರೆಯ ಸಿಟಿ ಸ್ಕ್ಯಾನ್ ಬಗ್ಗೆ ನ್ಯಾಯವಾಗಿ ಎರಡು ಮಾತು. ಪಾನ್ಸ್‌ನ ಎರಡು ಪಕ್ಕದಲ್ಲಿ ತಲೆಬುರುಡೆಯ ಅತಿ ಗಟ್ಟಿ ಮೂಳೆಗಳಿವೆ. ಅವುಗಳ ನಡುವೆ ಸಿಟಿ ಚಿತ್ರದಲ್ಲಿ ಅಡ್ಡಗೆರೆಗಳು ಮೂಡಿ ಒಳಗಿನ ವಿವರ ಮಸುಕಾಗುತ್ತದೆ. ಸ್ಟ್ರೋಕ್‌ನ ಮೊದಲ ಗಂಟೆಗಳಲ್ಲಿ ಸಿಟಿ ಮಾಡುವುದು ಮುಖ್ಯವಾಗಿ ರಕ್ತಸ್ರಾವ ಇಲ್ಲ ಎಂದು ಖಚಿತಪಡಿಸಿಕೊಳ್ಳಲು. ಸಿಟಿ ಸರಿಯಾಗಿತ್ತು ಎಂಬುದು ನಿಜವೇ ಇರಬೇಕು. ಅದರಿಂದ ‘ಏನೂ ಇಲ್ಲ’ ಎಂಬ ತೀರ್ಮಾನಕ್ಕೆ ಬಂದದ್ದು ತಪ್ಪು. ಕೈ ಸೋತು ಮಾತು ತೊದಲಿದ ಮನುಷ್ಯನನ್ನು ಸ್ಕ್ಯಾನ್ ನೋಡಿ ಮನೆಗೆ ಕಳುಹಿಸಬಾರದು, ಅವನ ಕೈಯನ್ನು ನೋಡಿ ಉಳಿಸಿಕೊಳ್ಳಬೇಕು. ಮಿದುಳಿನ ಈ ಹಿಂಬದಿಯಲ್ಲಿ ಎಂಆರ್‌ಐ ಕೂಡ ಮೊದಲ ದಿನ ಕೆಲವೊಮ್ಮೆ ಮೋಸ ಮಾಡುತ್ತದೆ.

ಈಗ ನಿಮ್ಮ ಬಂಧುಗಳ ಮಾತು. ಅವರು ಹೇಳುವ ಸ್ಥಿತಿ ಕಟ್ಟುಕಥೆಯಲ್ಲ. ಪಾನ್ಸ್‌ನ ಮುಂಭಾಗ ಎಡ ಬಲ ಎರಡೂ ಕಡೆ ಸತ್ತರೆ ಕೈ, ಕಾಲು, ನಾಲಿಗೆ, ಮುಖ ಎಲ್ಲವೂ ನಿಲ್ಲುತ್ತವೆ. ಹಿಂಭಾಗ ಉಳಿದಿರುವುದರಿಂದ ಎಚ್ಚರ ಇರುತ್ತದೆ. ಕಣ್ಣನ್ನು ಮೇಲೆ ಕೆಳಗೆ ಆಡಿಸುವ ಕೇಂದ್ರ ಮಧ್ಯಮಿದುಳಿನಲ್ಲಿ ಇರುವುದರಿಂದ ಅದೊಂದು ಚಲನೆ ಮತ್ತು ರೆಪ್ಪೆ ಮಿಟುಕಿಸುವುದು ಉಳಿಯುತ್ತದೆ. 1966ರಲ್ಲಿ ಫ್ರೆಡ್ ಪ್ಲಮ್ ಮತ್ತು ಜೆರೋಮ್ ಪೋಸ್ನರ್ ಇದಕ್ಕೆ ಲಾಕ್ಡ್–ಇನ್ ಎಂಬ ಹೆಸರಿಟ್ಟರು. ದೇಹದೊಳಗೆ ಬೀಗ ಹಾಕಿ ಕೂಡಿಸಿದಂತೆ. ಒಂದೇ ಬದಿಯ ಕವಲು ಮುಚ್ಚಿದರೆ ಈ ಸ್ಥಿತಿ ಬರುವುದಿಲ್ಲ, ಬೇಸಿಲಾರ್ ಅಪಧಮನಿಯೇ ಕಟ್ಟಿಕೊಳ್ಳಬೇಕು. ಕೋಮಾದ ಮಾತು ಬಹುಶಃ ಪಾನ್ಸ್‌ನೊಳಗೆ ರಕ್ತಸ್ರಾವವಾದ ಯಾರನ್ನೋ ನೋಡಿದ ನೆನಪಿನಿಂದ ಬಂದಿರಬೇಕು. ದೊಡ್ಡ ಸ್ರಾವದಲ್ಲಿ ರಕ್ತ ಹಿಂಭಾಗಕ್ಕೂ ನುಗ್ಗಿ ಎಚ್ಚರದ ಜಾಲವನ್ನು ಹಾಳುಮಾಡುತ್ತದೆ, ಕಣ್ಣಿನ ಪಾಪೆಗಳು ಸೂಜಿಮೊನೆಯಷ್ಟು ಕಿರಿದಾಗುತ್ತವೆ, ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ನಿಮ್ಮ ತಂದೆಗೆ ಆಗಿರುವುದು ಸ್ರಾವವಲ್ಲ. ಹದಿನಾರು ದಿನ ಕಳೆದಿದೆ, ಅವರು ಎಚ್ಚರವಾಗಿದ್ದಾರೆ, ಅಳುತ್ತಾರೆ, ನಗುತ್ತಾರೆ.

ಆದರೆ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ಎಂಆರ್‌ಐ ಜೊತೆಗೆ ರಕ್ತನಾಳಗಳ ಚಿತ್ರವನ್ನೂ, ಅಂದರೆ ಆಂಜಿಯೊಗ್ರಫಿಯನ್ನೂ ಮಾಡಿದ್ದರೇ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಬೇಸಿಲಾರ್ ಅಪಧಮನಿ ಸ್ವತಃ ತೆರೆದಿದೆಯೇ ಕಿರಿದಾಗಿದೆಯೇ ಎಂಬುದರ ಮೇಲೆ ಮುಂದಿನ ಅಪಾಯದ ಲೆಕ್ಕ ನಿಂತಿದೆ. ಕಿರಿದಾಗಿದ್ದರೂ ಸ್ಟೆಂಟ್ ಹಾಕಿಸಲು ಆತುರ ಬೇಡ. ಸ್ಟೆಂಟ್ ಅರಳುವಾಗ ಕೊಬ್ಬಿನ ಗಂಟು ಪಕ್ಕಕ್ಕೆ ತಳ್ಳಲ್ಪಟ್ಟು ಉಳಿದ ಸಣ್ಣ ಕವಲುಗಳ ಬಾಯನ್ನೂ ಮುಚ್ಚಬಹುದು. ಹೆಚ್ಚಿನವರಿಗೆ ಔಷಧವೇ ಮೊದಲ ದಾರಿ. ಅಕಸ್ಮಾತ್ ಎಡಗೈ ಎಡಗಾಲೂ ಸೋಲತೊಡಗಿದರೆ, ಒಂದು ಎರಡಾಗಿ ಕಾಣತೊಡಗಿದರೆ, ಕರೆದರೂ ಎಚ್ಚರವಾಗದ ಮಂಪರು ಬಂದರೆ ಗಂಟೆ ಎಷ್ಟೆಂದು ಗುರುತಿಟ್ಟುಕೊಂಡು ತಡಮಾಡದೆ ಸ್ಟ್ರೋಕ್ ಚಿಕಿತ್ಸೆಯಿರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಅದೂ ಇತ್ತೀಚೆಗೆ ಸ್ಟ್ರೋಕ್ ಆದವರಿಗೆ ಎಲ್ಲರಿಗೂ ಕೊಡಲಾಗದು. ಆದರೆ ಬೇಸಿಲಾರ್ ಅಪಧಮನಿ ಪೂರ್ತಿ ಕಟ್ಟಿಕೊಂಡಾಗ ತೊಡೆಸಂದಿನಿಂದ ತೂರಿಸಿದ ತಂತಿಯ ಮೂಲಕ ಹೆಪ್ಪನ್ನು ಎಳೆದು ತೆಗೆಯಬಹುದು. ಅಟೆನ್ಷನ್ ಮತ್ತು ಬಾವೋಚೆ ಎಂಬ ಎರಡು ಪ್ರಯೋಗಗಳು 2022ರಲ್ಲಿ ಅದರ ಪ್ರಯೋಜನವನ್ನು ತೋರಿಸಿದವು, ಎರಡನೆಯದರಲ್ಲಿ 24 ಗಂಟೆಯೊಳಗೆ ಬಂದವರೂ ಇದ್ದರು. ನಿದ್ದೆಯಿಂದ ಎದ್ದಾಗಲೇ ಲಕ್ಷಣ ಕಂಡರೆ ಸಮಯವನ್ನು ಎಣಿಸುವುದು ಎದ್ದ ಹೊತ್ತಿನಿಂದಲ್ಲ, ಕೊನೆಯ ಸಲ ಚೆನ್ನಾಗಿದ್ದುದನ್ನು ನೋಡಿದ ಹೊತ್ತಿನಿಂದ.

ಅಳು, ನಗುವಿನ ವಿಷಯ. ಮನೆಗಳಲ್ಲಿ ಅತಿ ಹೆಚ್ಚು ನೋವು ಕೊಡುವುದೂ, ವೈದ್ಯರು ಅತಿ ಕಡಿಮೆ ವಿವರಿಸುವುದೂ ಇದನ್ನೇ. ನಮಗೆ ಅಳು ಬರುವುದಕ್ಕೂ, ಬಂದ ಅಳುವನ್ನು ಸಂದರ್ಭಕ್ಕೆ ತಕ್ಕಂತೆ ತಡೆದುಕೊಳ್ಳುವುದಕ್ಕೂ ಬೇರೆ ಬೇರೆ ವ್ಯವಸ್ಥೆಗಳಿವೆ. ತಡೆಯುವ ವ್ಯವಸ್ಥೆಯಲ್ಲಿ ದೊಡ್ಡ ಮಿದುಳಿನಿಂದ ಪಾನ್ಸ್ ಮೂಲಕ ಕಿರುಮಿದುಳಿಗೆ ಹೋಗುವ ಆ ಅಡ್ಡ ಎಳೆಗಳಿಗೂ ಪಾಲಿದೆ ಎಂದು ಇಂದಿನ ತಿಳಿವಳಿಕೆ. ಅವು ಕಡಿದಾಗ ಒಳಗಿನ ಭಾವಕ್ಕೂ ಮುಖದ ಮೇಲಿನ ಭಾವಕ್ಕೂ ತಾಳ ತಪ್ಪುತ್ತದೆ. ಸಾವಿನ ಸುದ್ದಿಗೆ ನಕ್ಕವರಿಗೆ ಒಳಗೆ ದುಃಖವೇ ಆಗಿರುತ್ತದೆ, ಜೊತೆಗೆ ನಕ್ಕದ್ದಕ್ಕೆ ನಾಚಿಕೆಯೂ ಸೇರಿರುತ್ತದೆ. ಅವರನ್ನೇ ಕೇಳಿ: ‘ಅಪ್ಪಾ, ನಿಮಗೆ ನಿಜವಾಗಿ ದುಃಖವಾಗುತ್ತಿದೆಯೇ, ಇಲ್ಲ ಅಳು ತಾನಾಗಿ ನುಗ್ಗುತ್ತಿದೆಯೇ?’ ಹೆಚ್ಚಿನವರು ತಾನಾಗಿ ನುಗ್ಗುತ್ತದೆ ಎಂದು ಸನ್ನೆ ಮಾಡುತ್ತಾರೆ. ಆ ಹೊತ್ತಿಗೆ ಸಮಾಧಾನ ಮಾಡಲು ಹೋದರೆ ಅದು ಇನ್ನೂ ಹೆಚ್ಚುತ್ತದೆ. ಮಾತು ಬದಲಿಸಿ, ನಿಧಾನವಾಗಿ ಉಸಿರಾಡಲು ಹೇಳಿ, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಖಿನ್ನತೆಗೆ ಕೊಡುವ ಸೆರ್ಟ್ರಲಿನ್, ಸಿಟಲೋಪ್ರಾಮ್ ತರಹದ ಮಾತ್ರೆಗಳು ಇದನ್ನು ಹಲವರಲ್ಲಿ ಚೆನ್ನಾಗಿ ತಗ್ಗಿಸುತ್ತವೆ. ದಿನವಿಡೀ ಮಂಕು, ಊಟ ನಿದ್ದೆಯಲ್ಲಿ ನಿರಾಸಕ್ತಿ, ‘ನಾನೇಕೆ ಬದುಕಿದ್ದೇನೆ’ ಎಂಬ ಮಾತು ಇದ್ದರೆ ಅದು ಬೇರೆ, ಅದು ನಿಜವಾದ ಖಿನ್ನತೆ. ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರನ್ನು ಅದು ಕಾಡುತ್ತದೆ, ಅದಕ್ಕೂ ಚಿಕಿತ್ಸೆ ಇದೆ.

ಬುದ್ಧಿಗೆ ಏನೂ ಆಗಿಲ್ಲ ಎಂದು ನಾನು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಲ್ಲೆ. ಪದಗಳನ್ನು ಹುಡುಕುವ, ವಾಕ್ಯ ಕಟ್ಟುವ ಕೇಂದ್ರಗಳು ದೊಡ್ಡ ಮಿದುಳಿನ ಹೊರಪದರದಲ್ಲಿವೆ. ನಿಮ್ಮ ತಂದೆಗೆ ಸೋತಿರುವುದು ತುಟಿ, ನಾಲಿಗೆ, ಗಂಟಲಿಗೆ ಆಜ್ಞೆ ಒಯ್ಯುವ ದಾರಿ. ಎಡಗೈಯಲ್ಲಿ ಪೆನ್ನು ಕೊಟ್ಟು ಬರೆಯಲು ಹೇಳಿ; ಅಕ್ಷರ ಸೊಟ್ಟಗಿದ್ದೀತು, ವಾಕ್ಯ ನೆಟ್ಟಗಿರುತ್ತದೆ. ಆದ್ದರಿಂದ ಅವರ ಎದುರಲ್ಲಿ ಅವರ ಬಗ್ಗೆ ಅವರಿಲ್ಲವೆಂಬಂತೆ ಮಾತನಾಡಬೇಡಿ ಎಂದು ನಿಮ್ಮ ಬಂಧುಗಳಿಗೆ ಹೇಳಿ. ನಳಿಕೆ ಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲೂ ‘ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ’ ಎಂದಿದ್ದೀರಿ. ಆ ‘ಯಾರೂ’ ಎಂಬುದರಲ್ಲಿ ಅಪ್ಪ ಸೇರಿದ್ದಾರೆಯೇ?

ನಳಿಕೆಯನ್ನು ಕೊನೆಯ ಘಟ್ಟದ ಗುರುತು ಎಂದು ತಿಳಿಯುವವರು ಬಹಳ. ಸ್ಟ್ರೋಕ್‌ನಲ್ಲಿ ಅದು ಹೆಚ್ಚಾಗಿ ಕೆಲವು ವಾರಗಳ ಊರುಗೋಲು. ನುಂಗುವ ಕ್ರಿಯೆಯನ್ನು ಹೊಂದಿಸುವ ಮುಖ್ಯ ಕೇಂದ್ರ ಮೆಡುಲ್ಲಾದಲ್ಲಿದೆ, ಅದು ನಿಮ್ಮ ತಂದೆಗೆ ಉಳಿದಿದೆ. ಕಡಿದಿರುವುದು ಮೇಲಿನಿಂದ ಬರುವ ಒಂದು ಬದಿಯ ಹತೋಟಿ. ಇನ್ನೊಂದು ಬದಿಯ ಎಳೆಗಳು ಕ್ರಮೇಣ ಹೊಣೆ ಹೊತ್ತುಕೊಳ್ಳುವುದರಿಂದ ಇಂತಹವರಲ್ಲಿ ಬಹಳ ಮಂದಿಗೆ ನುಂಗುವ ಶಕ್ತಿ ಮರಳುತ್ತದೆ. ಈಗ ನಿಮ್ಮ ಮುಂದಿರುವ ಮೊದಲ ದಾರಿ ಬಾಯಿಯಿಂದಲೇ, ಆದರೆ ಗಟ್ಟಿ ಮಾಡಿದ ದ್ರವ, ನುಣ್ಣಗೆ ಅರೆದ ಆಹಾರ, ನೇರ ಕುಳಿತು ಗಲ್ಲವನ್ನು ಎದೆಯ ಕಡೆ ಬಾಗಿಸಿ ಚಮಚ ಚಮಚವಾಗಿ ಕೊಡುವುದು. ನುಂಗುವಿಕೆಯ ತಜ್ಞರು ನೋಡಿ ಒಪ್ಪಿದರೆ ಮಾತ್ರ ಇದು ಸರಿ. ನೀರು ಗಂಟಲಿಗೆ ವೇಗವಾಗಿ ಜಾರುವುದರಿಂದ ಕಟ್ಟಕಡೆಗೆ ಮರಳಿ ಕೊಡುವುದು ನೀರನ್ನೇ. ಒಂದು ಮೋಸ ತಿಳಿದಿರಲಿ: ಗಂಟಲ ಸ್ಪರ್ಶ ಮಂದವಾದವರಲ್ಲಿ ಕೆಮ್ಮೇ ಇಲ್ಲದೆ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು, ಆದ್ದರಿಂದ ಕೆಮ್ಮು ನಿಂತಿತು ಎಂದ ಮಾತ್ರಕ್ಕೆ ಗೆದ್ದೆವು ಎನ್ನುವಂತಿಲ್ಲ. ಎಕ್ಸ್‌–ರೇ ಅಡಿಯಲ್ಲಿ ಅಥವಾ ಮೂಗಿನಿಂದ ಇಳಿಸಿದ ಕ್ಯಾಮೆರಾದಲ್ಲಿ ನೋಡಿದರೆ ಖಚಿತವಾಗುತ್ತದೆ.

ಎರಡನೆಯದು ಮೂಗಿನ ನಳಿಕೆ. ಕಿರಿಕಿರಿ ಇದೆ, ಕಿತ್ತುಕೊಳ್ಳುವವರಿದ್ದಾರೆ, ಎಂಜಲು ಶ್ವಾಸನಾಳಕ್ಕೆ ಹೋಗುವುದನ್ನು ಅದು ತಡೆಯುವುದಿಲ್ಲ. ಆದರೆ ಆಹಾರ, ನೀರು, ಮಾತ್ರೆ ಒಂದೂ ತಪ್ಪುವುದಿಲ್ಲ. ಮೂರನೆಯದು ಹೊಟ್ಟೆಯ ಗೋಡೆಯ ಮೂಲಕ ಹಾಕುವ ನಳಿಕೆ. 2005ರಲ್ಲಿ ಪ್ರಕಟವಾದ ಫುಡ್ ಎಂಬ ದೊಡ್ಡ ಅಧ್ಯಯನದಲ್ಲಿ ಆರಂಭದಲ್ಲೇ ಹೊಟ್ಟೆಯ ನಳಿಕೆ ಹಾಕಿದವರಿಗೆ ಲಾಭ ಕಾಣಲಿಲ್ಲ, ಮೊದಲ ಎರಡು ಮೂರು ವಾರ ಮೂಗಿನದೇ ಸಾಕು ಎಂಬ ರೂಢಿ ಗಟ್ಟಿಯಾಯಿತು. ನಿಮ್ಮ ಜಾಗದಲ್ಲಿ ನಾನಿದ್ದರೆ ಪರೀಕ್ಷೆ ಮಾಡಿಸಿ, ಅದರಲ್ಲಿ ತೇರ್ಗಡೆಯಾಗದಿದ್ದರೆ ಇಂದೇ ಮೂಗಿನ ನಳಿಕೆಗೆ ಒಪ್ಪಿ, ಎರಡು ವಾರಕ್ಕೊಮ್ಮೆ ನುಂಗುವಿಕೆಯನ್ನು ಮತ್ತೆ ನೋಡಿಸುತ್ತಿದ್ದೆ. ನಳಿಕೆ ಇರಲಿ ಇಲ್ಲದಿರಲಿ, ದಿನಕ್ಕೆ ಎರಡು ಮೂರು ಸಲ ಹಲ್ಲು, ನಾಲಿಗೆ ಉಜ್ಜಿ ಬಾಯಿ ಶುಚಿ ಮಾಡಿ. ನ್ಯುಮೋನಿಯಾ ಬರುವುದು ಎಷ್ಟೋ ಸಲ ಆಹಾರದಿಂದಲ್ಲ, ಕೊಳೆಯಾದ ಬಾಯಿಯ ಎಂಜಲಿನಿಂದ.

ಸ್ಟೆಮ್ ಸೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸತ್ತ ಪಾನ್ಸ್ ಮತ್ತೆ ಬೆಳೆಯುವುದಿಲ್ಲ. ಸಂಶೋಧನೆ ನಡೆದಿದೆ, ಸ್ಟ್ರೋಕ್‌ಗೆ ದಿನನಿತ್ಯದ ಚಿಕಿತ್ಸೆಯಾಗಿ ಅದು ಸಾಬೀತಾಗಿಲ್ಲ. ಸ್ಟ್ರೋಕ್‌ಗೆಂದು ಹಲವು ಕಡೆ ಹಣ ತೆತ್ತು ಚುಚ್ಚಿಸಿಕೊಂಡ ಒಬ್ಬ ರೋಗಿಯ ಬೆನ್ನುಹುರಿಯಲ್ಲಿ, ಅವನವಲ್ಲದ ಜೀವಕೋಶಗಳಿಂದಲೇ ಗೆಡ್ಡೆ ಬೆಳೆದದ್ದು 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಹಣ ಕೇಳಿ ‘ಪ್ರಯೋಗ’ ಎನ್ನುವವರನ್ನು ದೂರವಿಡಿ.

ಹಣವನ್ನೂ ಶ್ರಮವನ್ನೂ ಫಿಸಿಯೊಥೆರಪಿಗೆ ಹಾಕಿ. ಪಾನ್ಸ್‌ನಲ್ಲಿ ಆಜ್ಞೆಯ ಎಳೆಗಳು ಒಂದೇ ಕಟ್ಟಾಗಿ ಇಳಿಯದೆ, ಅಡ್ಡ ಎಳೆಗಳ ನಡುವೆ ಹಲವು ಸಣ್ಣ ಕಟ್ಟುಗಳಾಗಿ ಬಿಡಿಸಿಕೊಂಡು ಇಳಿದು, ಮೆಡುಲ್ಲಾದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಸಣ್ಣ ಮಚ್ಚೆ ಎಲ್ಲ ಕಟ್ಟುಗಳನ್ನೂ ಒಮ್ಮೆಗೇ ಕತ್ತರಿಸುವುದು ಅಪರೂಪ, ಉಳಿದವುಗಳನ್ನು ಪಳಗಿಸುವುದೇ ವ್ಯಾಯಾಮದ ಕೆಲಸ. ಮೊದಲ ಮೂರು ತಿಂಗಳು ಚೇತರಿಕೆಯ ವೇಗ ಹೆಚ್ಚು, ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. ಸ್ಟ್ರೋಕ್ ಆದ 24 ಗಂಟೆಯೊಳಗೇ ಎಬ್ಬಿಸಿ ಮತ್ತೆ ಮತ್ತೆ ನಡೆಸಿದರೆ ಲಾಭಕ್ಕಿಂತ ನಷ್ಟವೇ ಎಂದು 2015ರ ಅವರ್ಟ್ ಪ್ರಯೋಗ ತೋರಿಸಿತು. ನೀವು ಆ ಘಟ್ಟ ದಾಟಿದ್ದೀರಿ, ಈಗ ಹಿಂಜರಿಯಬೇಕಿಲ್ಲ. ಕೈಗೆ ಬಲ ಬಂದ ಮೇಲೂ ಲೋಟ ಹಿಡಿಯಲು ಹೋದಾಗ ಗುರಿ ತಪ್ಪಿದರೆ, ನಡೆಯುವಾಗ ಬಲಕ್ಕೆ ಓಲಾಡಿದರೆ ಫಿಸಿಯೊಥೆರಪಿಸ್ಟ್‌ಗೆ ಹೇಳಿ. ಅದು ಸೋಮಾರಿತನವೂ ಅಲ್ಲ, ಭಯವೂ ಅಲ್ಲ. ಕಿರುಮಿದುಳಿಗೆ ಸುದ್ದಿ ಒಯ್ಯುವ ಎಳೆಗಳು ಕಡಿದದ್ದರ ಫಲ. ಅದಕ್ಕೆ ಬಲ ಹೆಚ್ಚಿಸುವ ವ್ಯಾಯಾಮ ಸಾಲದು, ಹೊಂದಾಣಿಕೆಯ ವ್ಯಾಯಾಮ ಬೇರೆಯೇ ಇದೆ.

ಔಷಧಗಳಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಕೊಟ್ಟಿದ್ದರೆ ಎಷ್ಟು ದಿನ ಎಂದು ಬರೆಸಿಕೊಳ್ಳಿ. ಸಣ್ಣ ಸ್ಟ್ರೋಕ್‌ಗೆ ಸಾಮಾನ್ಯವಾಗಿ ಮೂರು ವಾರ ಎರಡೂ, ನಂತರ ಒಂದೇ. ದೊಡ್ಡ ರಕ್ತನಾಳ ತೀರ ಕಿರಿದಾಗಿದ್ದರೆ ಮೂರು ತಿಂಗಳವರೆಗೆ. ವರ್ಷಗಟ್ಟಲೆ ಎರಡನ್ನೂ ನುಂಗಿದರೆ ರಕ್ತಸ್ರಾವದ ಅಪಾಯ ಲಾಭವನ್ನು ಮೀರುತ್ತದೆ. ಕೊಲೆಸ್ಟರಾಲ್ ಇಳಿಸುವ ಮಾತ್ರೆ ಇರಲಿ. ರಕ್ತದೊತ್ತಡ ದೀರ್ಘಕಾಲದಲ್ಲಿ 130/80ಕ್ಕಿಂತ ಕೆಳಗಿರಬೇಕು, ಆದರೆ ಒಂದೇ ದಿನದಲ್ಲಿ ಇಳಿಸುವ ಹಟ ಬೇಡ. ಮನಸ್ಸು ಬಂದಾಗ ಮಾತ್ರೆ ಎಂಬ ಆ ಹಳೆಯ ಅಭ್ಯಾಸದ ಬಗ್ಗೆ ಈಗ ಅವರನ್ನು ಬೈಯಬೇಡಿ. ಡಬ್ಬಿಯನ್ನು ನೀವು ಇಟ್ಟುಕೊಳ್ಳಿ.

ಇಲ್ಲಿ ಪಾನ್ಸ್‌ನ ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ಮೂತ್ರ ಹೆಚ್ಚಿಸುವ ಬಗೆಯ ರಕ್ತದೊತ್ತಡದ ಮಾತ್ರೆ ಮತ್ತು ಮೇಲೆ ಹೇಳಿದ ಖಿನ್ನತೆಯ ಮಾತ್ರೆ ಎರಡೂ ರಕ್ತದ ಸೋಡಿಯಂ ಇಳಿಸಬಲ್ಲವು. ಬಹಳ ಇಳಿದಿದ್ದನ್ನು ಗಾಬರಿಯಿಂದ ಬೇಗ ಏರಿಸಿದರೆ ಪಾನ್ಸ್‌ನ ನಡುಭಾಗದ ಎಳೆಗಳ ಮೇಲಿನ ಮೈಲಿನ್ ಹೊದಿಕೆ ಕಳಚಿಹೋಗುತ್ತದೆ. 1959ರಲ್ಲಿ ಆಡಮ್ಸ್ ಮತ್ತು ಸಂಗಡಿಗರು ಇದನ್ನು ಮೊದಲು ವರ್ಣಿಸಿದರು, ಆಗ ಸೋಡಿಯಂನ ಸಂಬಂಧ ಅವರಿಗೆ ಗೊತ್ತಿರಲಿಲ್ಲ. ಈಗ 24 ಗಂಟೆಯಲ್ಲಿ ಲೀಟರಿಗೆ 8ರಿಂದ 10 ಮಿಲಿಮೋಲ್ ಮೀರದಂತೆ ಏರಿಸುವುದು ಪದ್ಧತಿ. ನೀವು ಮಾಡಬೇಕಾದದ್ದು ಇಷ್ಟೇ: ಹೊಸ ಮಾತ್ರೆ ಶುರುವಾದ ಒಂದೆರಡು ವಾರದಲ್ಲಿ ಸೋಡಿಯಂ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು, ಕೆಲವು ತಿಂಗಳ ನಂತರದ ಗಾಬರಿಯನ್ನು ಇಂದೇ ತಪ್ಪಿಸಲು. ಮುಂದೆ ಯಾವಾಗಲಾದರೂ ಎಂಆರ್‌ಐ ಮತ್ತೆ ತೆಗೆಸಿದರೆ, ಪಾನ್ಸ್‌ನಿಂದ ಕಿರುಮಿದುಳಿಗೆ ಹೋಗುವ ಎರಡೂ ತೋಳುಗಳಲ್ಲಿ ಒಂದೇ ರೀತಿಯ ಬಿಳಿ ಗುರುತುಗಳು ಕಾಣಬಹುದು. ‘ಹೊಸ ಸ್ಟ್ರೋಕ್, ಅದೂ ಎರಡು ಕಡೆ’ ಎಂದು ಯಾರಾದರೂ ಹೆದರಿಸಿಯಾರು. ಎಡದ ಮಚ್ಚೆ ಅಲ್ಲಿ ಹುಟ್ಟಿ ಬಲಕ್ಕೆ ಹೊರಟ ಎಳೆಗಳನ್ನೂ, ಬಲದಲ್ಲಿ ಹುಟ್ಟಿ ಎಡಕ್ಕೆ ಹಾಯುತ್ತಿದ್ದ ಎಳೆಗಳನ್ನೂ ಒಟ್ಟಿಗೆ ಕಡಿದಿರುತ್ತದೆ; ಕಡಿದ ಎಳೆಗಳು ತಿಂಗಳುಗಳಲ್ಲಿ ಒಣಗುವುದರಿಂದ ಆ ಗುರುತು ಎರಡೂ ಕಡೆ ಮೂಡುತ್ತದೆ. ಅಪ್ಪನಿಗೆ ಹೊಸ ತೊಂದರೆ ಯಾವುದೂ ಇಲ್ಲದಿದ್ದರೆ ಅದು ಈಗಿನ ಪೆಟ್ಟಿನದೇ ನೆರಳು. ಆ ದಿನ ಈ ಬಾರಿಯ ಎಂಆರ್‌ಐ ಫಿಲ್ಮ್ ಮತ್ತು ಸಿಡಿಯನ್ನು ಜೊತೆಗೆ ಒಯ್ಯಿರಿ. ಎಲ್ಲೋ ಇಟ್ಟು ಮರೆಯದಂತೆ ಈಗಲೇ ಒಂದು ಕವರಿಗೆ ಹಾಕಿ, ಮೇಲೆ ದಿನಾಂಕ ಬರೆದಿಡಿ.